ಬಾಲ್ಕನಿಯಲ್ಲಿ ಬೆಳೆ: ಕುಂಡ ಕಡಿಮೆ, ಮಣ್ಣು ಜಾಸ್ತಿ

ಜಾಗವೇ ಇಲ್ಲ ಅನ್ನುವವರ ಬಾಲ್ಕನಿಗೆ ಹೋಗಿ ನೋಡಿ. ಅಂಗೈಯಗಲದ ಕುಂಡಗಳು ಸಾಲಾಗಿ ನಿಂತಿರುತ್ತವೆ. ಒಂದರಲ್ಲಿ ಮೊಣಕಾಲುದ್ದ ಬೆಳೆದು ಹಳದಿಯಾದ ಟೊಮೆಟೊ. ಇನ್ನೊಂದರಲ್ಲಿ ನಾಲ್ಕೇ ಎಲೆಯ ಬದನೆ. ಮತ್ತೊಂದರಲ್ಲಿ ಹೂವೆಲ್ಲ ಉದುರಿಸಿಕೊಂಡು ನಿಂತ ಮೆಣಸಿನ ಗಿಡ. ಜಾಗ ಸಾಲದೆ ಹೀಗಾಯ್ತು ಅಂತ ಅವರು ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಜಾಗ ಇದೆ, ಅದನ್ನು ಚೂರು ಚೂರು ಮಾಡಿ ಹಂಚಿಬಿಟ್ಟಿದ್ದಾರೆ ಅಷ್ಟೇ.

ಕುಂಡದ ಗಿಡಕ್ಕೆ ಮುಖ್ಯವಾಗುವುದು ಬೇರಿಗೆ ಸಿಗುವ ಮಣ್ಣು. ಒಂದು ಲೆಕ್ಕ ಹಾಕಿ ನೋಡೋಣ. ಬಾಯಿ 20 ಸೆಂ.ಮೀ., ಆಳ 20 ಸೆಂ.ಮೀ. ಇರುವ ನೇರ ಕುಂಡದಲ್ಲಿ ಹಿಡಿಯುವುದು ಸುಮಾರು 6 ಲೀಟರ್. ಬಾಯಿ, ಆಳ ಎರಡೂ 30 ಸೆಂ.ಮೀ. ಆದರೆ 21 ಲೀಟರ್ ಹಿಡಿಯುತ್ತದೆ. ನಿಮ್ಮ ಗೋಡೆ ಪಕ್ಕ 60 ಸೆಂ.ಮೀ. ಉದ್ದದ ಜಾಗ ಇದೆ ಅಂದುಕೊಳ್ಳಿ. ಅಲ್ಲಿ ಸಣ್ಣ ಕುಂಡ ಮೂರು ಇಟ್ಟರೆ ಒಟ್ಟು ಮಣ್ಣು 19 ಲೀಟರ್. ದೊಡ್ಡದು ಎರಡು ಇಟ್ಟರೆ 42 ಲೀಟರ್. ಓಡಾಡುವ ಜಾಗಕ್ಕೆ ನೀವು ಬಿಟ್ಟುಕೊಡುವುದು 10 ಸೆಂ.ಮೀ. ಮಾತ್ರ, ಸಿಗುವ ಮಣ್ಣು ಎರಡು ಪಟ್ಟಿಗಿಂತ ಜಾಸ್ತಿ.

ನಮ್ಮ ಬಾಲ್ಕನಿ 11 ಅಡಿ ಉದ್ದ, 4 ಅಡಿ ಅಗಲ. ಪೂರ್ವಕ್ಕೆ ಮುಖ. ಒಂದು ಮೂಲೆಯನ್ನು ವಾಷಿಂಗ್ ಮಷೀನ್ ತಿಂದಿದೆ, ಮೇಲೆ ಬಟ್ಟೆ ಒಣಗಿಸುವ ತಂತಿ. ನಾನು ರಾತ್ರಿ ಪಾಳಿಯಲ್ಲಿ ಕೆಲಸ ಮಾಡುವವಳು. ಬೆಳಿಗ್ಗೆ ಮನೆಗೆ ಬಂದು ಮಲಗುವುದಕ್ಕೆ ಮುಂಚೆ ಗಿಡದ ಹತ್ತಿರ ಸಿಗುವುದು ಅರ್ಧ ಗಂಟೆ. ಹಾಗಾಗಿ ಇಲ್ಲಿ ಹೇಳುವುದೆಲ್ಲ ಜಾಗವೂ ಕಡಿಮೆ, ಪುರುಸೊತ್ತೂ ಕಡಿಮೆ ಇರುವವರಿಗೆ.

ಮೊದಲು ಬಿಸಿಲು ಎಣಿಸಿ

ಕುಂಡ ಕೊಳ್ಳುವುದಕ್ಕೆ ಮುಂಚೆ ಒಂದು ರಜಾ ದಿನ ಇದಕ್ಕೆ ಮೀಸಲಿಡಿ. ಗಂಟೆಗೊಮ್ಮೆ ಬಾಲ್ಕನಿಗೆ ಹೋಗಿ, ಕುಂಡ ಇಡಬೇಕೆಂದಿರುವ ಜಾಗದ ಮೇಲೆ ಒಂದಡಿ ಎತ್ತರದಲ್ಲಿ ಕೈ ಹಿಡಿಯಿರಿ. ನೆರಳಿನ ಅಂಚು ಗೀರಿದ ಹಾಗೆ ಸ್ಪಷ್ಟವಾಗಿದ್ದರೆ ಅದು ನೇರ ಬಿಸಿಲು. ಮಸುಕಾಗಿದ್ದರೆ ಬರೀ ಬೆಳಕು. ಬಿಸಿಲು ಎಲ್ಲಿವರೆಗೆ ಬಂತು ಅಂತ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಹಾಕಿ, ಪಕ್ಕದಲ್ಲಿ ಗಂಟೆ ಬರೆಯಿರಿ. ಸಂಜೆ ಹೊತ್ತಿಗೆ ಯಾವ ಜಾಗಕ್ಕೆ ಎಷ್ಟು ಗಂಟೆ ಬಿಸಿಲು ಅನ್ನುವುದು ನೆಲದ ಮೇಲೆಯೇ ಬರೆದಿರುತ್ತದೆ.

ಟೊಮೆಟೊ, ಮೆಣಸಿನಕಾಯಿ, ಬದನೆ, ಬೆಂಡೆ, ಸೌತೆ ಹೀಗೆ ಕಾಯಿ ಬಿಡುವ ಗಿಡಗಳಿಗೆ ದಿನಕ್ಕೆ 6 ಗಂಟೆಯಾದರೂ ನೇರ ಬಿಸಿಲು ಬೇಕು. 8 ಸಿಕ್ಕರೆ ಇನ್ನೂ ಒಳ್ಳೆಯದು. ಮೂಲಂಗಿ, ಬೀಟ್ರೂಟ್, ಬಟಾಣಿ 4-5 ಗಂಟೆಯಲ್ಲೂ ಬರುತ್ತವೆ. ಸ್ವಲ್ಪ ನಿಧಾನ, ಅಷ್ಟೇ. ಪಾಲಕ್, ಮೆಂತ್ಯ, ಕೊತ್ತಂಬರಿ, ಪುದೀನ, ಲೆಟ್ಯೂಸ್‌ಗೆ 3-4 ಗಂಟೆ ಸಾಕು. ಅದಕ್ಕೂ ಕಡಿಮೆ ಇದ್ದರೆ ಕಾಯಿಪಲ್ಯದ ಆಸೆ ಬಿಡಿ. ಬಿಸಿಲಿಲ್ಲದ ಜಾಗದಲ್ಲಿ ಟೊಮೆಟೊ ಎತ್ತರಕ್ಕೆ ಬೆಳೆಯುತ್ತದೆ, ಎಲೆಯೂ ಬಿಡುತ್ತದೆ, ಕಾಯಿ ಮಾತ್ರ ಇಲ್ಲ. ಯಾವ ಗೊಬ್ಬರವೂ ಬಿಸಿಲಿನ ಬದಲಿಗೆ ನಿಲ್ಲುವುದಿಲ್ಲ.

ಎರಡು ವಿಷಯ ಜನ ಗಮನಿಸುವುದಿಲ್ಲ. ಬಾಲ್ಕನಿಗೆ ಕಂಬಿಯ ಬದಲು ಗಟ್ಟಿ ಗೋಡೆ ಇದ್ದರೆ ನೆಲದ ಮೇಲೆ ನೆರಳು, ಮೂರಡಿ ಮೇಲೆ ಬಿಸಿಲು ಇರುತ್ತದೆ. ಅಂಥ ಕಡೆ ಕಾಯಿ ಗಿಡವನ್ನು ಗಟ್ಟಿಯಾದ ಸ್ಟ್ಯಾಂಡ್ ಮೇಲೆ ಏರಿಸಿ, ಸೊಪ್ಪನ್ನು ಕೆಳಗೆ ಇಳಿಸಿ. ಎರಡನೆಯದು, ಬಿಸಿಲು ವರ್ಷಪೂರ್ತಿ ಒಂದೇ ಕಡೆ ಬೀಳುವುದಿಲ್ಲ. ಸೂರ್ಯ ನೆತ್ತಿಯ ಹತ್ತಿರ ಬರುವ ತಿಂಗಳಲ್ಲಿ ಮೇಲಿನ ಮನೆಯ ಸ್ಲ್ಯಾಬ್ ನೆರಳು ನಿಮ್ಮ ಗಿಡದ ಮೇಲೆ ಬೀಳಬಹುದು. ಸೂರ್ಯ ವಾಲಿದ ತಿಂಗಳಲ್ಲಿ ಅದೇ ಬಾಲ್ಕನಿಯ ಒಳಗಿನವರೆಗೂ ಬಿಸಿಲು ಬರಬಹುದು. ಸೀಮೆಸುಣ್ಣದ ಕೆಲಸವನ್ನು ಮೂರು ನಾಲ್ಕು ತಿಂಗಳಿಗೊಮ್ಮೆ ಮತ್ತೆ ಮಾಡಿ.

ಯಾವ ಗಿಡಕ್ಕೆ ಎಷ್ಟು ಲೀಟರ್

ಕುಂಡವನ್ನು ಇಂಚಿನಲ್ಲಿ ಮಾರುತ್ತಾರೆ. ನೀವು ಲೀಟರ್‌ನಲ್ಲಿ ಯೋಚಿಸಿ. ಕೆಳಗೆ ಕಿರಿದಾಗುವ ಕುಂಡಕ್ಕೆ ಲೆಕ್ಕ ಸರಿ ಕೂರುವುದಿಲ್ಲ. ತೂತನ್ನು ಬೆರಳಿನಿಂದ ಮುಚ್ಚಿ ಒಂದು ಲೀಟರ್ ಬಾಟಲಿಯಲ್ಲಿ ನೀರು ತುಂಬಿಸಿ ನೋಡಿದರೆ ಗೊತ್ತಾಗಿಬಿಡುತ್ತದೆ.

ಟೊಮೆಟೊಗೆ ಒಂದು ಗಿಡಕ್ಕೆ 15ರಿಂದ 20 ಲೀಟರ್. ಬದನೆಗೂ ಅಷ್ಟೇ. ಮೆಣಸಿನಕಾಯಿ, ದಪ್ಪ ಮೆಣಸಿನಕಾಯಿಗೆ 10 ಲೀಟರ್. ಬೆಂಡೆಗೆ ಆಳ ಬೇಕು, 12-15 ಲೀಟರ್ ಕೊಡಿ. ಸೌತೆ, ಹೀರೆ ಬಳ್ಳಿಗೆ 20 ಲೀಟರ್‌ಗಿಂತ ಕಡಿಮೆ ಕೊಟ್ಟರೆ ಮಧ್ಯಾಹ್ನಕ್ಕೇ ಬಾಡಿ ನಿಲ್ಲುತ್ತವೆ. ಸೊಪ್ಪಿಗೆ ಆಳ ಮುಖ್ಯವಲ್ಲ, 15 ಸೆಂ.ಮೀ. ಸಾಕು, ಅಗಲ ಇದ್ದಷ್ಟೂ ಒಳ್ಳೆಯದು. ಮೂಲಂಗಿಗೆ 20 ಸೆಂ.ಮೀ. ಆಳ, ಕ್ಯಾರೆಟ್‌ಗೆ 25-30. ಕ್ಯಾರೆಟ್‌ನಲ್ಲಿ ಗಿಡ್ಡ ತಳಿಗಳಿವೆ, ಆಳ ಇಲ್ಲದವರು ಅದನ್ನೇ ಆರಿಸಿ.

ಒಂದು ಕುಂಡ, ಒಂದು ಟೊಮೆಟೊ. ಎರಡು ಸಸಿ ನೆಟ್ಟರೆ ಎರಡು ಪಟ್ಟು ಕಾಯಿ ಬರುವುದಿಲ್ಲ. ಇರುವ ಮಣ್ಣು, ನೀರು, ಬೆಳಕಿಗೆ ಎರಡೂ ಜಗಳ ಆಡುತ್ತವೆ. ಮೊಳಕೆ ಬಂದ ಸಸಿಯಲ್ಲಿ ಒಂದನ್ನು ಬಿಟ್ಟು ಉಳಿದದ್ದನ್ನು ಕಿತ್ತು ಹಾಕುವುದಕ್ಕೆ ಎಲ್ಲರಿಗೂ ಕಷ್ಟ. ನನ್ನ ಮಗಳಂತೂ ಕಿತ್ತ ಸಸಿಗಳನ್ನೆಲ್ಲ ಕಾಗದದ ಲೋಟಕ್ಕೆ ಹಾಕಿ ಸ್ನೇಹಿತೆಯರಿಗೆ ಹಂಚುತ್ತಾಳೆ. ಒಳ್ಳೆಯದೇ ಆಯ್ತು.

ಪ್ಲಾಸ್ಟಿಕ್ಕೋ, ಮಣ್ಣಿನ ಕುಂಡವೋ, ಬಟ್ಟೆಯ ಗ್ರೋ ಬ್ಯಾಗೋ ಅನ್ನುವ ಚರ್ಚೆಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಮಣ್ಣಿನ ಕುಂಡ ಭಾರ, ಬೇಗ ಒಣಗುತ್ತದೆ, ಆದರೆ ಬೇರು ತಂಪಾಗಿರುತ್ತದೆ. ಬಟ್ಟೆಯ ಬ್ಯಾಗಿನಲ್ಲಿ ಅಂಚಿಗೆ ಬಂದ ಬೇರಿನ ತುದಿ ಗಾಳಿಗೆ ಒಣಗಿ, ಹಿಂದಿನಿಂದ ಹೊಸ ಕವಲು ಒಡೆಯುತ್ತದೆ. ಅದಕ್ಕೇ ಬೇರು ಸುತ್ತಿಕೊಳ್ಳುವುದು ಕಡಿಮೆ. ಆದರೆ ನೀರು ಜಾಸ್ತಿ ಕೇಳುತ್ತದೆ. ಕಪ್ಪು ಪ್ಲಾಸ್ಟಿಕ್ ಮಧ್ಯಾಹ್ನದ ಬಿಸಿಲಿಗೆ ಕಾಯುತ್ತದೆ. ಪಶ್ಚಿಮದ ಬಾಲ್ಕನಿಯಾದರೆ ಬಿಳಿ ಬಣ್ಣ ಬಳಿಯಿರಿ ಅಥವಾ ಮುಂದೆ ಒಂದು ಹಲಗೆ ಅಡ್ಡ ಇಡಿ. ನಾನು ಹಳೇ ಬಕೆಟ್‌ಗಳನ್ನು ತೊಳೆದು, ತಳದಲ್ಲಿ ಪೆನ್ಸಿಲ್ ದಪ್ಪದ ಆರೇಳು ತೂತು ಮಾಡಿ ಬಳಸುತ್ತೇನೆ. ರಾಸಾಯನಿಕ ತುಂಬಿದ್ದ ಡಬ್ಬ ಮಾತ್ರ ಬೇಡ.

ಭಾರದ ಮಾತು ಇಲ್ಲೇ ಹೇಳಿಬಿಡುತ್ತೇನೆ. ಬರೀ ತೋಟದ ಮಣ್ಣು ತುಂಬಿದ 20 ಲೀಟರ್ ಕುಂಡ ನೀರು ಕುಡಿದ ಮೇಲೆ 30 ಕಿಲೋ ದಾಟುತ್ತದೆ. ತೆಂಗಿನ ನಾರಿನ ಪುಡಿ ಜಾಸ್ತಿ ಇರುವ ಮಿಶ್ರಣವಾದರೆ 20 ಕಿಲೋ ಆಸುಪಾಸು. ದೊಡ್ಡ ಕುಂಡಗಳನ್ನು ಮನೆಯ ಗೋಡೆಗೆ ಒತ್ತಿ ಸಾಲಾಗಿ ಇಡಿ. ಬಾಲ್ಕನಿಯ ಹೊರ ಅಂಚಿನಲ್ಲಿ ಗುಂಪು ಹಾಕಬೇಡಿ. ಕಟ್ಟಡ ಹಳೆಯದಾಗಿದ್ದರೆ, ಸ್ಲ್ಯಾಬಿನಲ್ಲಿ ಬಿರುಕು ಕಂಡರೆ, ತಿಳಿದವರನ್ನು ಕೇಳದೆ ಭಾರ ಏರಿಸಬೇಡಿ. ಕಂಬಿಯ ಹೊರಗಡೆ ಕುಂಡ ತೂಗು ಹಾಕುವುದನ್ನು ನಾನು ಒಪ್ಪುವುದೇ ಇಲ್ಲ. ಕೆಳಗೆ ಜನ ಓಡಾಡುತ್ತಾರೆ, ಅಲ್ವಾ?

ಮಣ್ಣು

ಹೊಲದಲ್ಲಿ ಚಿನ್ನದಂಥ ಮಣ್ಣು ಕುಂಡಕ್ಕೆ ಬಂದರೆ ಗಟ್ಟಿಯಾಗುತ್ತದೆ. ನೆಲದಲ್ಲಿ ಎರೆಹುಳ, ಬೇರು, ಒಣಗಿ ಬಿರಿಯುವುದು ಎಲ್ಲ ಸೇರಿ ಮಣ್ಣನ್ನು ಸಡಿಲ ಮಾಡುತ್ತಿರುತ್ತವೆ. ಕುಂಡದಲ್ಲಿ ದಿನಾ ಮೇಲಿಂದ ನೀರು ಬಿದ್ದು ಬಿದ್ದು ಮಣ್ಣು ಅಮುಕಿಕೊಳ್ಳುತ್ತದೆ. ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು. ಗಾಳಿ ಆಡದಿದ್ದರೆ ಬೇರು ಕೊಳೆಯುತ್ತದೆ.

ನನ್ನ ಮಿಶ್ರಣ ಹೀಗೆ. ಕೋಕೋಪೀಟ್, ಅಂದರೆ ತೆಂಗಿನ ನಾರಿನ ಪುಡಿ, ನಾಲ್ಕು ಪಾಲು. ಚೆನ್ನಾಗಿ ಕಳಿತ ಕಾಂಪೋಸ್ಟ್ ಅಥವಾ ಎರೆಗೊಬ್ಬರ ಮೂರು ಪಾಲು. ಉಳಿದ ಮೂರು ಪಾಲಿನಲ್ಲಿ ಅರ್ಧ ತೋಟದ ಮಣ್ಣು, ಅರ್ಧ ಪರ್ಲೈಟ್ ಅನ್ನುವ ಹಗುರವಾದ ಬಿಳಿ ಹರಳು. ಪರ್ಲೈಟ್ ಸಿಗದಿದ್ದರೆ ದಪ್ಪ ಮರಳು ಹಾಕಬಹುದು, ಭಾರ ಜಾಸ್ತಿಯಾಗುತ್ತದೆ. ಕೈಯಲ್ಲಿ ಹಿಡಿದು ಹಿಂಡಿದರೆ ಉಂಡೆಯಾಗಬೇಕು, ಬೆರಳಿನಿಂದ ತಟ್ಟಿದರೆ ಉದುರಬೇಕು. ಅದೇ ಹದ.

ಕೋಕೋಪೀಟ್ ಇಟ್ಟಿಗೆಯಾಗಿ ಬರುತ್ತದೆ. 5 ಕಿಲೋದ ಇಟ್ಟಿಗೆ ನೆನೆದರೆ 60 ಲೀಟರ್‌ಗಿಂತ ಜಾಸ್ತಿ ಆಗುತ್ತದೆ, ದೊಡ್ಡ ಟಬ್ ಇಟ್ಟುಕೊಂಡೇ ನೀರು ಹಾಕಿ. ಅದರಲ್ಲಿ ಉಪ್ಪಿನಂಶ ಉಳಿದಿರಬಹುದು. ಎರಡು ಸಲ ನೀರಿನಲ್ಲಿ ಕಲಸಿ ಬಸಿದು ಆಮೇಲೆ ಬಳಸಿ. ಅದರಲ್ಲಿ ಗಿಡಕ್ಕೆ ಆಹಾರ ಇಲ್ಲವೆಂದೇ ಹೇಳಬೇಕು. ನೀರು ಹಿಡಿದಿಡುವುದು, ಸಡಿಲ ಇಡುವುದು ಇಷ್ಟೇ ಅದರ ಕೆಲಸ.

ತಳದಲ್ಲಿ ಕಲ್ಲು, ಹೆಂಚಿನ ಚೂರು ಹಾಕಿದರೆ ನೀರು ಚೆನ್ನಾಗಿ ಬಸಿಯುತ್ತದೆ ಅನ್ನುವ ನಂಬಿಕೆ ಇದೆ. ಅಮ್ಮ ಇವತ್ತಿಗೂ ಹಾಕುತ್ತಾರೆ. ನಾನು ಹಾಕುವುದಿಲ್ಲ. ಒದ್ದೆ ಸ್ಪಂಜನ್ನು ಎತ್ತಿ ಹಿಡಿಯಿರಿ. ತೊಟ್ಟಿಕ್ಕುವುದು ನಿಂತ ಮೇಲೂ ಕೆಳಗಿನ ಅಂಚು ಒದ್ದೆಯಾಗೇ ಇರುತ್ತದೆ. ಕುಂಡದ ಮಣ್ಣಿನಲ್ಲೂ ತಳದ ಒಂದಿಷ್ಟು ಎತ್ತರ ಹಾಗೆಯೇ ನೀರು ಕುಡಿದು ಕೂತಿರುತ್ತದೆ. ನುಣ್ಣನೆಯ ಮಣ್ಣಿನಿಂದ ದಪ್ಪ ಕಲ್ಲಿನ ಸಂದಿಗೆ ನೀರು ಸುಲಭವಾಗಿ ಇಳಿಯುವುದಿಲ್ಲ. ಕಲ್ಲು ಹಾಕಿದರೆ ಆ ಒದ್ದೆ ಪದರ ಕಲ್ಲಿನ ಮೇಲಕ್ಕೆ, ಅಂದರೆ ಬೇರಿನ ಹತ್ತಿರಕ್ಕೆ ಏರುತ್ತದೆ. ಮೇಲಾಗಿ ಅಷ್ಟು ಲೀಟರ್ ಮಣ್ಣೂ ಹೋಯಿತು. ತೂತಿನಿಂದ ಮಣ್ಣು ಸೋರದ ಹಾಗೆ ಸೊಳ್ಳೆ ಪರದೆಯ ಚೂರು ಹಾಸಿದರೆ ಸಾಕು. ಕುಂಡವನ್ನು ನೆಲಕ್ಕೆ ಅಂಟಿಸಿ ಇಡದೆ ಎರಡು ಬೆರಳು ಎತ್ತರಿಸಿ ಇಡಿ, ತೂತು ಮುಚ್ಚಿಕೊಳ್ಳುವುದಿಲ್ಲ. ಅಮ್ಮನಿಗೆ ಇದೆಲ್ಲ ಹೇಳಿ ಆಯ್ತು. "ನಿನ್ನ ಸ್ಪಂಜು ನೀನೇ ಇಟ್ಕೋ" ಅಂದರು.

ಕುಂಡದ ಬಾಯಿಯಿಂದ ಎರಡು ಬೆರಳು ಕೆಳಗೆ ಮಣ್ಣು ನಿಲ್ಲಿಸಿ. ಮೇಲೆ ಒಣ ಎಲೆ ಅಥವಾ ತೆಂಗಿನ ನಾರು ಒಂದು ಇಂಚು ಹೊದಿಸಿ. ಕಾಂಡಕ್ಕೆ ತಾಗದಂತೆ ಸುತ್ತ ಜಾಗ ಬಿಡಿ. ಮೇಲ್ಮಣ್ಣು ಬಿಸಿಲಿಗೆ ಒಣಗಿ ಬಿರಿಯುವುದು ಇದರಿಂದ ತುಂಬಾ ಕಡಿಮೆಯಾಗುತ್ತದೆ.

ನೀರು

ಕುಂಡದ ಗಿಡ ಸಾಯುವುದು ಹೆಚ್ಚಾಗಿ ನೀರಿನಿಂದಲೇ. ಕಡಿಮೆಯಾಗಿ ಅಲ್ಲ, ಲೆಕ್ಕ ತಪ್ಪಿ. ದಿನಾ ಒಂದು ಲೋಟ ಅಂತ ನಿಯಮ ಮಾಡಿಕೊಂಡವರ ಕುಂಡದಲ್ಲಿ ಮೇಲೆ ಕೆಸರು, ಕೆಳಗೆ ಧೂಳು ಇರುತ್ತದೆ.

ಬೆರಳನ್ನು ಎರಡನೇ ಗೆಣ್ಣಿನವರೆಗೆ ಮಣ್ಣಿಗೆ ಚುಚ್ಚಿ. ತೇವ ತಗುಲಿದರೆ ಇವತ್ತು ನೀರು ಬೇಡ. ಒಣಗಿದ್ದರೆ ತಳದ ತೂತಿನಿಂದ ಹರಿಯುವವರೆಗೂ ನಿಧಾನವಾಗಿ ಹಾಕಿ. ಅರೆಬರೆ ಬೇಡ. ಸಣ್ಣ ಕುಂಡವಾದರೆ ಎತ್ತಿ ನೋಡಿದರೂ ತಿಳಿಯುತ್ತದೆ. ಒಂದು ವಾರ ಅಭ್ಯಾಸ ಮಾಡಿದರೆ ಕೈಗೇ ಲೆಕ್ಕ ಸಿಕ್ಕಿಬಿಡುತ್ತದೆ. ಕಾಯಿ ತುಂಬಿದ ಟೊಮೆಟೊ ಗಿಡ ಬಿರು ಬೇಸಿಗೆಯಲ್ಲಿ ದಿನಕ್ಕೆ 2 ಲೀಟರ್ ದಾಟಿ ಕುಡಿಯಬಹುದು. ಅದೇ ಗಿಡಕ್ಕೆ ಮೋಡದ ದಿನ ಅದರ ಕಾಲು ಭಾಗವೂ ಬೇಡದಿರಬಹುದು. ಎತ್ತರದ ಮಹಡಿಯಲ್ಲಿದ್ದರೆ ಬಿಸಿಲಿಗಿಂತ ಗಾಳಿಯೇ ಬೇಗ ಒಣಗಿಸುತ್ತದೆ.

ಮಧ್ಯಾಹ್ನ ಎಲೆ ಜೋಲು ಬಿದ್ದ ತಕ್ಷಣ ನೀರು ಸುರಿಯಬೇಡಿ. ಸುಡು ಬಿಸಿಲಲ್ಲಿ ಬೇರು ಎಳೆದುಕೊಳ್ಳುವುದಕ್ಕಿಂತ ಬೇಗ ಎಲೆಯಿಂದ ನೀರು ಆವಿಯಾಗುತ್ತದೆ, ಅದಕ್ಕೇ ಜೋಲುತ್ತದೆ. ಬಿಸಿಲು ಇಳಿದ ಮೇಲೆ ತಾನೇ ಎದ್ದರೆ ಸರಿ. ಬೆಳಿಗ್ಗೆಯೂ ಜೋಲಾಡುತ್ತಿದ್ದರೆ ತೊಂದರೆ ಇದೆ. ಮಣ್ಣು ಒಣಗಿದೆ, ಇಲ್ಲಾ ಬೇರು ಕೊಳೆತಿದೆ. ಬೆರಳು ಚುಚ್ಚಿದರೆ ಯಾವುದು ಅಂತ ಗೊತ್ತಾಗುತ್ತದೆ.

ಕೋಕೋಪೀಟ್ ಮಿಶ್ರಣ ಪೂರ್ತಿ ಒಣಗಿಬಿಟ್ಟರೆ ಅಂಚಿನಲ್ಲಿ ಬಿರುಕು ಬಿಟ್ಟು, ಹಾಕಿದ ನೀರೆಲ್ಲ ಪಕ್ಕದಿಂದ ಜಾರಿ ಹೋಗುತ್ತದೆ. ತಟ್ಟೆ ತುಂಬಿದ್ದು ನೋಡಿ ನಾವು ಗಿಡ ಕುಡಿಯಿತು ಅಂದುಕೊಳ್ಳುತ್ತೇವೆ. ಹಾಗಾದಾಗ ಕುಂಡವನ್ನು ನೀರು ತುಂಬಿದ ಟಬ್ಬಿನಲ್ಲಿ ಅರ್ಧ ಗಂಟೆ ಇಟ್ಟು ತೆಗೆಯಿರಿ. ತಟ್ಟೆಯಲ್ಲಿ ನಿಂತ ನೀರನ್ನು ಚೆಲ್ಲುವುದು ಮರೆಯಬೇಡಿ. ಬೇರಿಗೂ ಕೆಟ್ಟದ್ದು, ಸೊಳ್ಳೆಗೂ ಹಬ್ಬ. ತಟ್ಟೆ ಇಡದೆ ಬಿಟ್ಟರೆ ಕೆಳಗಿನ ಮನೆಯ ಆಂಟಿಯ ಒಣಗಿದ ಬಟ್ಟೆ ಮೇಲೆ ಕೆಂಪು ನೀರು. ಆಮೇಲಿನದು ನಾನು ಹೇಳಬೇಕಿಲ್ಲ.

ಊರಿಗೆ ಹೋಗುವುದಿದ್ದರೆ ಹತ್ತಿಯ ಬತ್ತಿ ಕೆಲಸಕ್ಕೆ ಬರುತ್ತದೆ. ದಪ್ಪ ಹತ್ತಿ ಹಗ್ಗವನ್ನು ಒದ್ದೆ ಮಾಡಿ ಒಂದು ತುದಿ ಮಣ್ಣಿನಲ್ಲಿ ನಾಲ್ಕು ಇಂಚು ಹೂತು, ಇನ್ನೊಂದು ತುದಿ ಪಕ್ಕದ ನೀರಿನ ಬಕೆಟ್ಟಿನ ತಳಕ್ಕೆ ಬಿಡಿ. ಬಕೆಟ್ ಮುಚ್ಚಿಡಿ. ಮಧ್ಯಮ ಗಾತ್ರದ ಗಿಡ ಮೂರು ನಾಲ್ಕು ದಿನ ತಡೆಯುತ್ತದೆ. ಹೋಗುವ ವಾರ ಮುಂಚೆಯೇ ಒಂದು ಸಲ ಕಟ್ಟಿ ಪರೀಕ್ಷೆ ಮಾಡಿ ನೋಡಿ. ದೊಡ್ಡ ಟೊಮೆಟೊಗೆ ಇದು ಸಾಲದು, ಪಕ್ಕದ ಮನೆಯವರಿಗೆ ಬೀಗದ ಕೈ ಕೊಟ್ಟು ಹೋಗುವುದೇ ವಾಸಿ.

ಬೀಜ, ಸಸಿ

ಬೀಜದ ದಪ್ಪದ ಎರಡು ಮೂರು ಪಟ್ಟು ಆಳ, ಅದಕ್ಕಿಂತ ಕೆಳಗೆ ಬೇಡ. ಲೆಟ್ಯೂಸ್‌ಗೆ ಬೆಳಕು ತಗುಲಿದರೆ ಚೆನ್ನಾಗಿ ಹುಟ್ಟುತ್ತದೆ, ಮೇಲೆ ಉದುರಿಸಿ ಮೆತ್ತಗೆ ಒತ್ತಿದರೆ ಸಾಕು. ಕೊತ್ತಂಬರಿಯ ಒಂದು ಕಾಳಿನೊಳಗೆ ಎರಡು ಬೀಜ ಇರುತ್ತವೆ. ಚಪಾತಿ ಲಟ್ಟಣಿಗೆಯಿಂದ ಮೆಲ್ಲಗೆ ಒತ್ತಿ ಎರಡು ಹೋಳು ಮಾಡಿ, ರಾತ್ರಿ ನೆನೆಸಿ ಬಿತ್ತಿ. ಟೊಮೆಟೊ ಬೀಜ ಬೆಚ್ಚಗಿದ್ದರೆ 5ರಿಂದ 10 ದಿನದಲ್ಲಿ ಹುಟ್ಟುತ್ತದೆ. ಮೆಣಸಿನಕಾಯಿ 20 ದಿನದವರೆಗೂ ಕಾಯಿಸಬಹುದು, ಬೇಸರ ಮಾಡಿ ಮಣ್ಣು ಕೆದಕಬೇಡಿ. ಈರುಳ್ಳಿ ಬೀಜ ಮಾತ್ರ ಹೊಸದೇ ಬೇಕು, ಒಂದು ವರ್ಷ ದಾಟಿದರೆ ಹುಟ್ಟುವುದು ಬಹಳ ಕಡಿಮೆ.

ಮೂಲಂಗಿ, ಕ್ಯಾರೆಟ್, ಬೀನ್ಸ್ ಎಲ್ಲಿ ಬೆಳೆಯಬೇಕೋ ಅಲ್ಲೇ ಬಿತ್ತಿ. ಟೊಮೆಟೊ, ಬದನೆ, ಮೆಣಸಿನಕಾಯಿಯನ್ನು ಸಣ್ಣ ಲೋಟದಲ್ಲಿ ಸಸಿ ಮಾಡಿ, ನಿಜವಾದ ಎಲೆ ನಾಲ್ಕು (ಮೊಳಕೆಯ ಜೊತೆ ಬರುವ ಮೊದಲ ಜೋಡಿ ಲೆಕ್ಕಕ್ಕಿಲ್ಲ) ಬಂದ ಮೇಲೆ ದೊಡ್ಡ ಕುಂಡಕ್ಕೆ ಸಂಜೆ ಹೊತ್ತು ಬದಲಾಯಿಸಿ. ಟೊಮೆಟೊ ಸಸಿಯನ್ನು ಕೆಳಗಿನ ಎಲೆ ಚಿವುಟಿ ಕತ್ತಿನವರೆಗೂ ಹೂಳಬಹುದು, ಹೂತ ಕಾಂಡದಿಂದಲೂ ಬೇರು ಒಡೆಯುತ್ತದೆ. ಮನೆಯೊಳಗೆ ಬೆಳೆದ ಸಸಿಯನ್ನು ಏಕ್‌ದಂ ಬಿಸಿಲಿಗೆ ಇಡಬೇಡಿ. ಮೊದಲ ದಿನ ಒಂದು ಗಂಟೆ, ಆಮೇಲೆ ಎರಡು, ಹೀಗೆ ವಾರ ಹತ್ತು ದಿನ ಅಭ್ಯಾಸ ಮಾಡಿಸಿ.

ಸೊಪ್ಪಿನ ತಟ್ಟೆಯನ್ನು ಪೂರ್ತಿ ಒಂದೇ ಸಲ ಬಿತ್ತಿದರೆ ಒಂದು ವಾರ ತಿನ್ನಲಾಗದಷ್ಟು, ಆಮೇಲೆ ಏನೂ ಇಲ್ಲ. ಮೂರು ಟ್ರೇ ಇಟ್ಟುಕೊಳ್ಳಿ, ಹದಿನೈದು ದಿನಕ್ಕೊಂದು ಬಿತ್ತಿ. ಪಾಲಕ್, ಲೆಟ್ಯೂಸ್‌ನಲ್ಲಿ ಹೊರಗಿನ ಎಲೆ ಮಾತ್ರ ಕೊಯ್ದು ನಡುವಿನ ಕುಡಿ ಬಿಟ್ಟರೆ ವಾರಗಟ್ಟಲೆ ಬರುತ್ತಿರುತ್ತದೆ. ಪುದೀನಕ್ಕೆ ಬೇರೆ ಕುಂಡವೇ ಕೊಡಿ. ಜೊತೆಗಿರುವ ಗಿಡವನ್ನು ಅದು ಬದುಕಲು ಬಿಡುವುದಿಲ್ಲ.

ಮೇಲಕ್ಕೆ ಹಬ್ಬಿಸಿ

ಅಗಲ ಇಲ್ಲದವರಿಗೆ ಎತ್ತರವೇ ಗತಿ. ಬೀನ್ಸ್‌ನಲ್ಲಿ ಬಳ್ಳಿಯ ತಳಿ ಹಾಕಿ. ಪೊದೆ ತಳಿ ಒಂದು ಸಲ ಗೊಂಚಲಾಗಿ ಕೊಟ್ಟು ನಿಲ್ಲುತ್ತದೆ, ಬಳ್ಳಿ ತಿಂಗಳುಗಟ್ಟಲೆ ಕೊಡುತ್ತದೆ, ನೆಲದ ಮೇಲೆ ತೆಗೆದುಕೊಳ್ಳುವ ಜಾಗ ಒಂದೇ. ಟೊಮೆಟೊದಲ್ಲೂ ಹೀಗೆ ಎರಡು ಜಾತಿ. ಒಂದು ಅಳತೆಗೆ ಬಂದು ನಿಲ್ಲುವುದು, ಇನ್ನೊಂದು ಬೆಳೆಯುತ್ತಲೇ ಇರುವುದು. ಎತ್ತರಕ್ಕೆ ದಾರ ಕಟ್ಟಲು ಜಾಗ ಇದ್ದರೆ ಬೆಳೆಯುವ ಜಾತಿ ತೆಗೆದುಕೊಳ್ಳಿ. ಎಲೆ ಮತ್ತು ಕಾಂಡದ ಕಂಕುಳಲ್ಲಿ ಬರುವ ಚಿಗುರನ್ನು ಬೆರಳುದ್ದ ಆಗುವ ಮುಂಚೆ ಚಿವುಟುತ್ತಾ ಒಂದೇ ಕಾಂಡ ಉಳಿಸಿ. ನಿಲ್ಲುವ ಜಾತಿಯನ್ನು ಹೀಗೆ ಚಿವುಟಬೇಡಿ, ಇರುವ ಕಾಯಿಯೂ ಹೋಗುತ್ತದೆ.

ನಾನು ಬಟ್ಟೆ ತಂತಿಯ ಪಕ್ಕದ ಕೊಕ್ಕೆಯಿಂದ ಸೆಣಬಿನ ದಾರ ಇಳಿಬಿಟ್ಟಿದ್ದೇನೆ. ಕಾಂಡಕ್ಕೆ ಸಡಿಲವಾಗಿ ಸುತ್ತಿದರೆ ಆಯಿತು. ಬಳ್ಳಿ ಎತ್ತರವಾದಷ್ಟೂ ಹಿಂದಿನ ಗಿಡಕ್ಕೆ ನೆರಳು, ಹಾಗಾಗಿ ಬಿಸಿಲು ಬರುವ ದಿಕ್ಕಿಗೆ ಗಿಡ್ಡ ಗಿಡ, ಹಿಂದೆ ಬಳ್ಳಿ.

ಹೂ ಇದೆ, ಕಾಯಿ ಇಲ್ಲ

ಜನ ನನ್ನನ್ನು ಜಾಸ್ತಿ ಕೇಳುವ ಪ್ರಶ್ನೆ ಇದು. ಗೊಬ್ಬರ ಸಾಲದೇನೋ ಅಂತ ಎಲ್ಲರಿಗೂ ಅನುಮಾನ. ಮೊದಲು ಗಿಡ ಯಾವುದು ಅಂತ ನೋಡಬೇಕು.

ಟೊಮೆಟೊ, ಮೆಣಸಿನಕಾಯಿ, ಬದನೆಯ ಒಂದೇ ಹೂವಿನಲ್ಲಿ ಗಂಡು ಹೆಣ್ಣು ಎರಡೂ ಭಾಗ ಇರುತ್ತವೆ. ಪರಾಗ ಉದುರಲು ಅಲುಗಾಟ ಬೇಕು, ಅಷ್ಟೇ. ಕೆಲವು ದುಂಬಿಗಳು ಹೂ ಹಿಡಿದು ಜೋರಾಗಿ ಗುಂಯ್‌ಗುಟ್ಟಿ ಪರಾಗ ಉದುರಿಸುತ್ತವೆ. ಜೇನುಹುಳಕ್ಕೆ ಆ ವಿದ್ಯೆ ಇಲ್ಲ. ದುಂಬಿ ಬರದ ಮಹಡಿಯಲ್ಲಿ ನೀವೇ ಆ ಕೆಲಸ ಮಾಡಿ. ಬಿಸಿಲೇರಿದ ಮೇಲೆ, ಮಧ್ಯಾಹ್ನದೊಳಗೆ, ಹೂಗೊಂಚಲಿನ ಹಿಂದೆ ಬೆರಳಿನಿಂದ ಎರಡು ಸಲ ಚಿಮ್ಮಿ. ಬ್ಯಾಟರಿಯ ಹಲ್ಲುಜ್ಜುವ ಬ್ರಶ್ ತಾಗಿಸಿದರೆ ಇನ್ನೂ ಚೆನ್ನ. ಆದರೂ ಉದುರಿದರೆ ಸೆಕೆ ಕಾರಣ ಇರಬಹುದು. ಹಗಲು 35 ಡಿಗ್ರಿ, ರಾತ್ರಿ 24 ಡಿಗ್ರಿ ಮೀರಿದ ದಿನಗಳಲ್ಲಿ ಟೊಮೆಟೊ ಪರಾಗ ಕೆಡುತ್ತದೆ. ಆಗ ಗೊಬ್ಬರ ಸುರಿದು ಪ್ರಯೋಜನವಿಲ್ಲ. ಮಧ್ಯಾಹ್ನ ನೆರಳು ಬಟ್ಟೆ ಕಟ್ಟಿ, ನೀರು ತಪ್ಪಿಸಬೇಡಿ, ಸೆಕೆ ಇಳಿಯಲಿ.

ಸೌತೆ, ಹೀರೆ, ಕುಂಬಳದ ಕಥೆ ಬೇರೆ. ಗಂಡು ಹೂ, ಹೆಣ್ಣು ಹೂ ಬೇರೆ ಬೇರೆ. ಹೆಣ್ಣು ಹೂವಿನ ಬುಡದಲ್ಲಿ ಪುಟ್ಟ ಕಾಯಿಯ ಆಕಾರ ಇರುತ್ತದೆ. ಮೊದಲು ಸಾಮಾನ್ಯವಾಗಿ ಗಂಡು ಹೂಗಳೇ ಬಂದು ಉದುರುತ್ತವೆ, ಗಾಬರಿ ಬೇಡ. ಹೆಣ್ಣು ಹೂ ಅರಳಿದ ದಿನ ಒಂದು ಹೊಸ ಗಂಡು ಹೂ ಕಿತ್ತು, ದಳ ಹಿಂದಕ್ಕೆ ಮಡಚಿ, ನಡುವಿನ ಪುಡಿಯನ್ನು ಹೆಣ್ಣು ಹೂವಿನ ನಡುವೆ ಮೆತ್ತಗೆ ಒರೆಸಿ. ಕುಂಬಳದ ಹೂ ಬೆಳಿಗ್ಗೆ ಅರಳಿ ಮಧ್ಯಾಹ್ನದೊಳಗೆ ಮುಚ್ಚುತ್ತದೆ. ಹೀರೆ ಸಂಜೆ ಅರಳುತ್ತದೆ. ಪಾಳಿ ಮುಗಿಸಿ ಬಂದು ಕುಂಬಳಕ್ಕೆ, ಪಾಳಿಗೆ ಹೊರಡುವ ಮುಂಚೆ ಹೀರೆಗೆ. ನನ್ನ ಸಮಯಕ್ಕೆ ಎರಡೂ ಸರಿಹೊಂದಿವೆ! ಇಷ್ಟೆಲ್ಲ ಬೇಡ ಅನ್ನುವವರಿಗೆ ಪರಾಗ ಇಲ್ಲದೆಯೇ ಕಾಯಿ ಕಟ್ಟುವ ಸೌತೆ ತಳಿಗಳಿವೆ, ಬೀಜದ ಪೊಟ್ಟಣದ ಮೇಲೆ ಓದಿ ತೆಗೆದುಕೊಳ್ಳಿ.

ಕಾಯಿ ಕಟ್ಟಿದ ಮೇಲೆ ಬಿಡಿಸುವುದು ತಡ ಮಾಡಬೇಡಿ. ಬೆಂಡೆ, ಬೀನ್ಸ್, ಸೌತೆಯನ್ನು ಎರಡು ದಿನಕ್ಕೊಮ್ಮೆ ಎಳೆಯದಾಗೇ ಕೀಳಿ. ಒಂದು ಕಾಯಿ ಬಲಿತು ಬೀಜವಾದರೂ ಗಿಡ ಹೊಸ ಹೂ ಬಿಡುವುದನ್ನು ಕಡಿಮೆ ಮಾಡುತ್ತದೆ.

ಗೊಬ್ಬರ

ತಳದಿಂದ ನೀರು ಹರಿದಾಗಲೆಲ್ಲ ಅದರ ಜೊತೆ ಗಿಡದ ಆಹಾರವೂ ಹೋಗುತ್ತದೆ. ಅದಕ್ಕೇ ಕುಂಡಕ್ಕೆ ಸ್ವಲ್ಪ ಸ್ವಲ್ಪವಾಗಿ ಮತ್ತೆ ಮತ್ತೆ ಕೊಡಬೇಕು. ನಾಟಿ ಮಾಡಿದ ಮೂರು ನಾಲ್ಕು ವಾರದ ಮೇಲೆ ಶುರು ಮಾಡಿ. ತಿಂಗಳಿಗೊಮ್ಮೆ ಎರಡು ಹಿಡಿ ಎರೆಗೊಬ್ಬರ ಮೇಲೆ ಹಾಕಿ ಕೈಯಾಡಿಸಿ. ಹತ್ತು ಹದಿನೈದು ದಿನಕ್ಕೊಮ್ಮೆ ದ್ರವ ಗೊಬ್ಬರ, ಪೊಟ್ಟಣದ ಮೇಲೆ ಹೇಳಿದ ಪ್ರಮಾಣದ ಅರ್ಧ. ಒಣ ಮಣ್ಣಿಗೆ ಕೊಡಬೇಡಿ, ಮೊದಲು ನೀರು, ಆಮೇಲೆ ಗೊಬ್ಬರ. ಸೊಪ್ಪಿಗೆ ಸಾರಜನಕ ಜಾಸ್ತಿ ಇರುವುದು, ಹೂ ಕಾಣಿಸಿದ ಮೇಲೆ ಕಾಯಿ ಗಿಡಕ್ಕೆ ಪೊಟ್ಯಾಶ್ ಜಾಸ್ತಿ ಇರುವುದು. ಟೊಮೆಟೊಗೆ ಸಾರಜನಕ ಅತಿಯಾದರೆ ದಟ್ಟ ಹಸಿರು ಪೊದೆ ಸಿಗುತ್ತದೆ, ಹಣ್ಣು ಸಿಗುವುದಿಲ್ಲ.

ಕೆಳಗಿನ ಹಳೇ ಎಲೆ ಪೂರ್ತಿ ಹಳದಿಯಾದರೆ ಸಾರಜನಕದ ಕೊರತೆ. ಹೊಸ ಎಲೆ ಹಳದಿ, ನರ ಮಾತ್ರ ಹಸಿರು ಇದ್ದರೆ ಕಬ್ಬಿಣ. ಅದೇ ಗುರುತು ಹಳೇ ಎಲೆಯಲ್ಲಿ ಕಂಡರೆ ಮೆಗ್ನೀಸಿಯಂ. ಟೊಮೆಟೊ ಹಣ್ಣಿನ ತಳ ಕಪ್ಪಾಗಿ ಚರ್ಮದ ಹಾಗೆ ಕುಗ್ಗಿದರೆ ಅದು ಕಾಯಿಗೆ ಸುಣ್ಣದಂಶ (ಕ್ಯಾಲ್ಸಿಯಂ) ತಲುಪದೆ ಆಗುವುದು. ಮಣ್ಣಿನಲ್ಲಿ ಅದು ಇದ್ದರೂ ಹೀಗಾಗುತ್ತದೆ. ಕ್ಯಾಲ್ಸಿಯಂ ನೀರಿನ ಜೊತೆಯಲ್ಲೇ ಸಾಗುತ್ತದೆ. ಒಂದು ದಿನ ಬರಗಾಲ, ಒಂದು ದಿನ ಪ್ರವಾಹ ಮಾಡಿದರೆ ಕಾಯಿಯ ತುದಿಗೆ ತಲುಪುವುದಿಲ್ಲ. ಮೊಟ್ಟೆ ಸಿಪ್ಪೆ ಚುಚ್ಚಿದರೆ ಸರಿಹೋಗುತ್ತದೆ ಅನ್ನುವುದನ್ನು ನಂಬಬೇಡಿ, ಅದು ಕರಗಲು ತುಂಬಾ ಕಾಲ ಬೇಕು. ನೀರು ಸಮ ಮಾಡಿ. ಸಣ್ಣ ಕುಂಡದಲ್ಲಿ ಈ ತೊಂದರೆ ಜಾಸ್ತಿ, ಯಾಕೆ ಅಂತ ಈಗ ನಿಮಗೇ ಗೊತ್ತು.

ಹಣ್ಣು

ಒಂದೇ ಹಣ್ಣಿನ ಗಿಡಕ್ಕೆ ಜಾಗ ಇದ್ದರೆ ನನ್ನ ಮತ ನಿಂಬೆಗೆ. 40-50 ಲೀಟರ್ ಡ್ರಮ್, 6 ಗಂಟೆ ಬಿಸಿಲು, ಕಸಿ ಮಾಡಿದ ಗಿಡ. ಬೀಜದಿಂದ ಹುಟ್ಟಿದ ನಿಂಬೆ ಕಾಯಿ ಬಿಡಲು ಐದಾರು ವರ್ಷವೋ ಇನ್ನೂ ಹೆಚ್ಚೋ ಕಾಯಿಸುತ್ತದೆ, ಕಸಿ ಗಿಡ ಎರಡು ಮೂರು ವರ್ಷದಲ್ಲಿ ಕೊಡುತ್ತದೆ. ಕಸಿ ಗಂಟಿನ ಕೆಳಗಿನಿಂದ ಬರುವ ಚಿಗುರನ್ನು ಕಂಡ ಕೂಡಲೇ ತೆಗೆಯಿರಿ, ಗಂಟನ್ನು ಮಣ್ಣಿನಲ್ಲಿ ಹೂಳಬೇಡಿ. ಮೊದಲ ವರ್ಷದ ಕಾಯಿಗಳಲ್ಲಿ ಹೆಚ್ಚಿನವನ್ನು ಎಳೆಯದಿರುವಾಗಲೇ ಕೀಳಿ, ಗಿಡ ಗಟ್ಟಿಯಾಗಲಿ.

ಅಂಜೂರಕ್ಕೆ ಕುಂಡ ಒಗ್ಗುತ್ತದೆ. ಬೇರು ಸ್ವಲ್ಪ ಬಿಗಿಯಾದರೆ ಅದು ಎಲೆಗಿಂತ ಹಣ್ಣಿನ ಕಡೆ ಗಮನ ಕೊಡುತ್ತದೆ. ಸ್ಟ್ರಾಬೆರಿಗೆ 15-20 ಸೆಂ.ಮೀ. ಆಳ ಸಾಕು, ಎಲೆಗಳು ಹೊರಡುವ ನಡುಗುಡ್ಡೆ ಮಣ್ಣಿನ ಮೇಲೇ ಇರಬೇಕು, ಹೂತರೆ ಕೊಳೆಯುತ್ತದೆ. ಬ್ಲೂಬೆರಿಗೆ ಹುಳಿ ಮಣ್ಣು ಬೇಕು, ಪಿ.ಎಚ್. 4.5ರಿಂದ 5.5. ಬೇರೆ ಗಿಡದ ಮಿಶ್ರಣ ಅದಕ್ಕೆ ಆಗುವುದಿಲ್ಲ. ಚಳಿ ಗಟ್ಟಿಯಾಗಿ ಬೀಳುವ ಕಡೆ ಇರುವವರಿಗೆ ಕಂಬದ ಹಾಗೆ ನೆಟ್ಟಗೆ ಬೆಳೆಯುವ ಸೇಬಿನ ತಳಿಗಳಿವೆ. 1960ರ ದಶಕದಲ್ಲಿ ಕೆನಡಾದ ಒಂದು ಮೆಕಿಂಟಾಷ್ ಸೇಬಿನ ಮರದಲ್ಲಿ ತಾನಾಗೇ ಹುಟ್ಟಿದ ವಿಚಿತ್ರ ಕೊಂಬೆಯಿಂದ ಬಂದ ವಂಶ ಅದು. ಜೊತೆಗೆ ಇನ್ನೊಂದು ತಳಿಯ ಸೇಬು ಹತ್ತಿರದಲ್ಲಿ ಹೂ ಬಿಡುತ್ತಿದ್ದರೆ ಮಾತ್ರ ಚೆನ್ನಾಗಿ ಕಾಯಿ ಕಟ್ಟುತ್ತದೆ. ಮಾವು, ಹಲಸಿನ ಆಸೆಯನ್ನು ಬಾಲ್ಕನಿಯಲ್ಲಿ ತೀರಿಸಿಕೊಳ್ಳಲು ಹೋಗಬೇಡಿ.

ಹುಳ

ನೀರು ಹಾಕುವಾಗ ಎಲೆ ತಿರುಗಿಸಿ ನೋಡುವ ಅಭ್ಯಾಸ ಇದ್ದರೆ ಅರ್ಧ ಕೆಲಸ ಮುಗಿಯಿತು. ಗಿಡಹೇನು, ಬಿಳಿ ನೊಣ, ಹಿಟ್ಟು ತಿಗಣೆ ಎಲ್ಲ ಶುರುವಾಗುವುದು ಎಲೆಯ ಅಡಿಯಲ್ಲಿ, ಕುಡಿಯಲ್ಲಿ. ಸ್ವಲ್ಪ ಇದ್ದರೆ ಜೋರು ನೀರಿನಲ್ಲಿ ತೊಳೆಯಿರಿ. ಹೆಚ್ಚಿದ್ದರೆ ಒಂದು ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆ, ಅದು ನೀರಿಗೆ ಬೆರೆಯಲು ಕೆಲವು ಹನಿ ಸೌಮ್ಯ ದ್ರವ ಸೋಪು. ಸಂಜೆ ಸಿಂಪಡಿಸಿ, ಬಿಸಿಲಲ್ಲಿ ಹೊಡೆದರೆ ಎಲೆ ಸುಡುತ್ತದೆ. ಮೊದಲು ಒಂದೆರಡು ಎಲೆಗೆ ಹಾಕಿ ಮರುದಿನ ನೋಡಿ. ವಾರಕ್ಕೊಮ್ಮೆ ಮೂರು ಸಲ ಮಾಡಿ. ಮಣ್ಣಿನ ಮೇಲೆ ಸಣ್ಣ ಕಪ್ಪು ನೊಣ ಹಾರಾಡುತ್ತಿದ್ದರೆ ಔಷಧಿ ಬೇಡ, ನೀರು ಕಡಿಮೆ ಮಾಡಿ ಮೇಲ್ಮಣ್ಣು ಒಣಗಲು ಬಿಡಿ.

ಬೆಳೆ ಮುಗಿದ ಮೇಲೆ

ಹಳೇ ಮಣ್ಣನ್ನು ಎಸೆಯಬೇಡಿ. ಕುಂಡ ಕವುಚಿ, ದಪ್ಪ ಬೇರು ತೆಗೆದು, ಬಿಸಿಲಲ್ಲಿ ಎರಡು ದಿನ ಹರಡಿ, ಮೂರನೇ ಒಂದು ಪಾಲು ಹೊಸ ಕಾಂಪೋಸ್ಟ್ ಬೆರೆಸಿ. ಟೊಮೆಟೊ, ಬದನೆ, ಮೆಣಸಿನಕಾಯಿ, ಆಲೂಗಡ್ಡೆ ಎಲ್ಲ ಒಂದೇ ಕುಟುಂಬ. ಒಬ್ಬರ ರೋಗ ಇನ್ನೊಬ್ಬರಿಗೆ ಬರುತ್ತದೆ. ಟೊಮೆಟೊ ತೆಗೆದ ಕುಂಡಕ್ಕೆ ಮುಂದಿನ ಸಲ ಬೀನ್ಸ್ ಅಥವಾ ಸೊಪ್ಪು ಹಾಕಿ. ಗಿಡ ರೋಗ ಬಂದು ಒಣಗಿದ್ದರೆ, ಅಥವಾ ಬೇರಿನಲ್ಲಿ ಗಂಟು ಗಂಟು ಕಂಡರೆ, ಆ ಮಣ್ಣನ್ನು ಮಾತ್ರ ತರಕಾರಿಗೆ ಮತ್ತೆ ಬಳಸಬೇಡಿ. ಕುಂಡವನ್ನು ಸೋಪು ನೀರಿನಲ್ಲಿ ಉಜ್ಜಿ ತೊಳೆದು, ಪೂರ್ತಿ ಒಣಗಿದ ಮೇಲೆ ಹೊಸ ಮಿಶ್ರಣ ತುಂಬಿ.